ಬರವೂ ಕ್ಷಾಮವೂ

ಮಳೆ ಬಾರದಿರುವುದು ದೈವಾಧೀನವೆಂದು ಹೇಳುವುದುಂಟು. ಹಾಗೆಂದೇ ಒಪ್ಪಿದರೂ, ಮಳೆ ಬಾರದ ವರ್ಷದಲ್ಲಿ ಉಣ್ಣುವವರಾರು, ಹಸಿದು ಸಾಯುವವರಾರು ಎಂಬುದನ್ನೂ ದೈವದ ಮೇಲೆ ಹೊರಿಸುವುದು ನ್ಯಾಯವೇ?

ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆದ 1876-78ರ ಕ್ಷಾಮವನ್ನು ನೋಡಬಹುದು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿದ್ದಿತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕಿಂತಲೂ ಕಡಿಮೆ. ಬಳ್ಳಾರಿ, ಧಾರವಾಡ ಸೀಮೆಗಳೂ ಅದೇ ಉರಿಯಲ್ಲಿ ಬೆಂದವು. ಆದರೆ ಧಾನ್ಯವೇ ಇರಲಿಲ್ಲವೆಂದಲ್ಲ. ಮದರಾಸಿನ ಕಡಲತೀರದಲ್ಲಿ ಮೂಟೆಗಳ ರಾಶಿ ಬಿದ್ದಿದ್ದಿತು. ದೇಶದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದಿತು. ಪೈರು ಒಣಗಿದಾಗ ಕೂಲಿಯವನಿಗೆ ಕೆಲಸ ತಪ್ಪಿತು. ರೈತನ ಕೈ ಬರಿದಾದುದರಿಂದ ಸೀರೆ ಕೊಳ್ಳುವವರಿಲ್ಲದೆ ನೇಕಾರನ ಮಗ್ಗ ನಿಂತಿತು. ಪೇಟೆಯಲ್ಲಿ ಜೋಳವಿದ್ದರೂ ಅದನ್ನು ಕೊಳ್ಳುವ ಕಾಸು ಇವರಲ್ಲಿರಲಿಲ್ಲ. ಭೂಮಿಯೊಡೆಯನೂ ನೊಂದನು, ನಿಜ. ಆದರೆ ಅವನಿಗೆ ಮಾರಲು ಒಡವೆಯಿದ್ದಿತು, ದನವಿದ್ದಿತು, ಕೆಲವರಿಗೆ ತುಂಬಿದ ಹಗೇವೂ ಇದ್ದಿತು.

ಆಳುವವರ ನಡೆಯೂ ವಿಚಾರಾರ್ಹ. 1873-74ರಲ್ಲಿ ಬಂಗಾಳ, ಬಿಹಾರಗಳಲ್ಲಿ ಬೆಳೆ ಹೋದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿದನು. ಸತ್ತವರು ತೀರ ಕಡಿಮೆ. ಆತನಿಗೆ ದೊರೆತುದು ಹೊಗಳಿಕೆಯಲ್ಲ, ದುಂದುಗಾರನೆಂಬ ಆಕ್ಷೇಪಣೆ! 1877ರಲ್ಲಿ ಅದೇ ಟೆಂಪಲ್ ದಕ್ಷಿಣಕ್ಕೆ ಬಂದಾಗ, ದಿನವೆಲ್ಲ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕೆಂದು ಗೊತ್ತುಮಾಡಿದನು. ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಬೇಕಾಯಿತು. ಮನುಷ್ಯನೊಬ್ಬನೇ, ಅವನ ತಿಳಿವೂ ಒಂದೇ. ಬದಲಾದುದು ಮೇಲಿನವರ ಅಪೇಕ್ಷೆ.

ಆದರೆ ದೋಷವನ್ನೆಲ್ಲ ದೊರೆತನಕ್ಕೆ ಕಟ್ಟಿ ಗೃಹಸ್ಥನು ಕೈ ತೊಳೆದುಕೊಳ್ಳುವಂತಿಲ್ಲ. ಬೆಲೆ ಏರಲೆಂದು ಹಗೇವಿನ ಬಾಯಿ ಮುಚ್ಚಿದವನು ಕಳ್ಳನಲ್ಲ, ಕಾನೂನು ಅವನನ್ನು ಹಿಡಿಯದು. ಅವನೇ ಮುಂದೆ ಗಂಜಿಕೇಂದ್ರಕ್ಕೆ ಹತ್ತು ಮೂಟೆ ಕೊಟ್ಟರೆ ಅದು ದಾಸೋಹವೆನಿಸುವುದೇ? ಕಾಯಕ ಕಳೆದುಕೊಂಡ ನೇಕಾರನಿಗೆ ಬೇಕಾಗಿದ್ದುದು ಗಂಜಿಗಿಂತ ಮೊದಲು ಮಗ್ಗದ ಕೆಲಸ.

1880ರ ಕ್ಷಾಮ ಆಯೋಗವೂ ಇದನ್ನೇ ಕಂಡಿತು: ಕೊರತೆ ಅನ್ನದ್ದಕ್ಕಿಂತ ಹೆಚ್ಚಾಗಿ ಉದ್ಯೋಗದ್ದು. ಮೈಯಲ್ಲಿ ಶಕ್ತಿಯಿರುವಾಗಲೇ ಜನರಿಗೆ ಕೆಲಸ ಕೊಡಬೇಕೆಂಬ ನಿಯಮಗಳು ಆ ಬಳಿಕ ಬಂದವು. ಅಷ್ಟರಲ್ಲಿ ಆಂಗ್ಲರ ಆಡಳಿತದ ಸೀಮೆಗಳಲ್ಲಿ ಸುಮಾರು 55 ಲಕ್ಷ ಜನ ಸತ್ತುಹೋಗಿದ್ದರು.