ಅನ್ಯರ ಮನೆಯ ಜಗಳ

"ಅಲ್ಲಾ ಮೇಡಂ, ಯುದ್ಧ ನಡೀತಿರೋದು ಗಾಜಾದಲ್ಲಿ. ಲಂಡನ್ನಿನಲ್ಲಿ ಕೂತು ಮತ ಹಾಕಿದರೆ ಬಾಂಬು ನಿಂತುಬಿಡುತ್ತಾ?"

2023ರ ನವೆಂಬರಿನಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಪೇಪರು ಮಡಿಸುತ್ತಾ ಹೀಗೆ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಅಕ್ಟೋಬರ್ 7ರಂದು ಹಮಾಸ್‌ನವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, ಸುಮಾರು 250 ಮಂದಿಯನ್ನು ಎಳೆದೊಯ್ದಿದ್ದರು. ನಂತರ ಇಸ್ರೇಲ್ ನಡೆಸಿದ ದಾಳಿಯಲ್ಲಿ ನವೆಂಬರ್ ಮಧ್ಯದ ಹೊತ್ತಿಗೆ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, 11,000ಕ್ಕೂ ಹೆಚ್ಚು ಜನ ಸತ್ತಿದ್ದರು. ನಾಗರಿಕರಿಗೆ ರಕ್ಷಣೆ ಸಿಗಬೇಕು, ತಕ್ಷಣ ಕದನವಿರಾಮವಾಗಬೇಕು ಎಂಬ ತಿದ್ದುಪಡಿಯನ್ನು ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಬ್ರಿಟನ್ನಿನ ಸಂಸತ್ತಿನ ಮುಂದಿಟ್ಟಿತು. ನವೆಂಬರ್ 15ರಂದು ಅದು ಬಿದ್ದುಹೋಯಿತು. ಪರವಾಗಿ 125, ವಿರುದ್ಧವಾಗಿ 293. ಲೇಬರ್ ಪಕ್ಷದ 56 ಸದಸ್ಯರು ತಮ್ಮ ನಾಯಕ ಕೀರ್ ಸ್ಟಾರ್ಮರ್ ಅವರ ಮಾತು ಮೀರಿ ಪರವಾಗಿ ನಿಂತಿದ್ದರು.

ಅವರಲ್ಲಿ ಜೆಸ್ ಫಿಲಿಪ್ಸ್ ಎಂಬ ಹೆಣ್ಣುಮಗಳೊಬ್ಬಳು. ಗೃಹಹಿಂಸೆಯ ವಿಷಯ ನೋಡಿಕೊಳ್ಳುವ ವಿರೋಧ ಪಕ್ಷದ ಛಾಯಾಮಂತ್ರಿ. ರಾಜಕೀಯಕ್ಕೆ ಬರುವ ಮೊದಲು, ಹೊಡೆತ ತಾಳದೆ ಮನೆಬಿಟ್ಟು ಬಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಯಲ್ಲಿ ದುಡಿದವಳು. ಆ ಮತಕ್ಕಾಗಿ ಹುದ್ದೆ ಬಿಟ್ಟಳು.

ಒತ್ತೆಯಾಳುಗಳು ಇನ್ನೂ ಅವರ ವಶದಲ್ಲಿರುವಾಗ "ನಿಲ್ಲಿಸಿ" ಎನ್ನುವುದು ಹಮಾಸ್‌ಗೆ ಸುಧಾರಿಸಿಕೊಳ್ಳಲು ಬಿಟ್ಟಂತಲ್ಲವೇ ಎಂದು ಕೇಳಿದವರಿದ್ದರು. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು. ಆದರೆ ಮಕ್ಕಳು ಹೊಡೆದಾಡುವಾಗ ನಾವು ಮೊದಲು ಬಿಡಿಸುತ್ತೇವೆ, ಯಾರು ಶುರು ಮಾಡಿದ್ದು ಎಂಬ ವಿಚಾರಣೆ ಆಮೇಲೆ. ಬಿಡಿಸಿದ ಮಾತ್ರಕ್ಕೆ ತೀರ್ಪು ಕೊಟ್ಟ ಹಾಗಾಗುವುದಿಲ್ಲ. ಇನ್ನೊಂದು ಮಾತು: ಪ್ಯಾಲೆಸ್ತೀನನ್ನು 1948ರವರೆಗೆ ಆಳಿದವರು ಬ್ರಿಟಿಷರೇ. ಇಸ್ರೇಲಿಗೆ ಶಸ್ತ್ರಾಸ್ತ್ರದ ಬಿಡಿಭಾಗ ಮಾರುತ್ತಿದ್ದವರಲ್ಲಿ ಅವರೂ ಒಬ್ಬರು. ಹೊಡೆಯುವ ಕೋಲು ನಮ್ಮ ಸೌದೆ ರಾಶಿಯಿಂದ ಹೋಗಿದ್ದರೆ ಅದು ಅನ್ಯರ ಮನೆಯ ಜಗಳ ಹೇಗಾದೀತು?

ಕತಾರ್, ಈಜಿಪ್ಟ್, ಅಮೆರಿಕದ ಸಂಧಾನದಿಂದ ನವೆಂಬರ್ 24ರಂದು ಕದನ ನಿಂತಿತು. ಏಳೇ ದಿನ. ನೂರಕ್ಕೂ ಹೆಚ್ಚು ಒತ್ತೆಯಾಳುಗಳು ಮನೆ ಸೇರಿದರು, ಪ್ಯಾಲೆಸ್ತೀನಿ ಕೈದಿಗಳೂ ಬಿಡುಗಡೆಯಾದರು. ಲಂಡನ್ನಿನ ಮತದಿಂದ ಆದದ್ದಲ್ಲ ಅದು, ಬಲ್ಲೆ. ಆಮೇಲೆ ಮತ್ತೆ ಯುದ್ಧ.

ಇಷ್ಟೆಲ್ಲ ಬರೆಯಲು ನನಗೆ ಅಧಿಕಾರವಿದೆಯೇ?

1990ರ ದಶಕದ ಕೊನೆಯಲ್ಲಿ ನಾವು ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆಯಾತ ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದ. ನಮ್ಮವರು "ನಮಗ್ಯಾಕೆ ಬೇರೆಯವರ ವಿಷಯ" ಎನ್ನುತ್ತಿದ್ದರು. ನಾನು ಟಿ.ವಿ. ಸದ್ದು ಹೆಚ್ಚು ಮಾಡುತ್ತಿದ್ದೆ. ಬೆಳಿಗ್ಗೆ ಅವಳು ಊದಿದ ಕೆನ್ನೆಗೆ ಸೆರಗು ಮರೆಮಾಡಿಕೊಂಡು ಹೆಪ್ಪಿಗೆ ಮೊಸರು ಕೇಳಲು ಬಂದರೆ ಮೊಸರು ಕೊಡುತ್ತಿದ್ದೆ, ಬೇರೇನೂ ಕೇಳುತ್ತಿರಲಿಲ್ಲ.

ಒಂದು ರಾತ್ರಿ ಮೂಲೆಮನೆಯ ಅಜ್ಜಿ ಎದ್ದು ಹೋಗಿ ಆ ಬಾಗಿಲು ತಟ್ಟಿದರು. ಹನ್ನೊಂದು ಗಂಟೆ ಹೊತ್ತಿನಲ್ಲಿ, "ಒಂದು ಲೋಟ ಹಾಲಿದ್ರೆ ಕೊಡಮ್ಮ" ಅಂದರು. ಹಾಲು ತರುವಷ್ಟರಲ್ಲಿ ಒಳಗಿದ್ದ ಮಗುವನ್ನು ಎತ್ತಿಕೊಂಡು, "ಇವತ್ತು ಇವಳು ನನ್ ಜೊತೆ ಮಲಗಲಿ" ಎಂದು ಹೊರಟರು. ಆ ರಾತ್ರಿ ಮತ್ತೆ ಸದ್ದಾಗಲಿಲ್ಲ. ಮೂರನೆಯ ದಿನ ಮತ್ತೆ ಶುರುವಾಯಿತು. "ಅಜ್ಜಿ ಹೋಗಿ ಏನು ಬಂತು?" ಎಂದು ನಾನೇ ನಮ್ಮವರಿಗೆ ಹೇಳಿದ್ದು ಈಗಲೂ ನೆನಪಿದೆ.

ಹೋದ ವರ್ಷ ಮದುವೆಮನೆಯೊಂದರಲ್ಲಿ ಆ ಮಗು ಸಿಕ್ಕಿದಳು. ಈಗ ಎರಡು ಮಕ್ಕಳ ತಾಯಿ. ಅಜ್ಜಿಯ ಕೌದಿಯ ವಾಸನೆ ಸಮೇತ ಆ ರಾತ್ರಿಯನ್ನು ನೆನೆಸಿಕೊಂಡಳು. ಆಮೇಲೆ ನಗುತ್ತಲೇ ಕೇಳಿದಳು:

"ಆವತ್ತು ನೀವೂ ಎದ್ದಿದ್ರಿ ಅಲ್ವಾ ಟೀಚರ್? ನಿಮ್ಮ ಮನೆ ದೀಪ ಉರೀತಿತ್ತು."