ನೋವನ್ನು ಯಾರಿಗಾಗಿ ಸಹಿಸಬೇಕು?

ನರಸಾಪುರದ ಸುತ್ತಲಿನ ಊರುಗಳಲ್ಲಿ ಹೃದಯಕ್ಕೆ ಆಪರೇಷನ್ನೇ ಆಗಬೇಕೆಂದಾಗ ಮನೆಯವರು ಹೆದ್ದಾರಿ ಹಿಡಿಯುತ್ತಾರೆ. ಬೆಂಗಳೂರಿನ ಜಯದೇವ ಆಸ್ಪತ್ರೆಯಿದೆ. 2001ರಿಂದ ಉಚಿತ ಚಿಕಿತ್ಸೆ ಕೊಡುತ್ತಿರುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಿದೆ. ಆಪರೇಷನ್ ಮುಗಿದು ಐಸಿಯುನಲ್ಲಿ ಎಚ್ಚರಗೊಂಡ ಹಿರಿಯರನ್ನು ನರ್ಸ್ ‘ನೋವಿದೆಯಾ?’ ಎಂದು ಕೇಳಿದರೆ, ಎಷ್ಟೋ ಮಂದಿ ಇಲ್ಲವೆಂದು ತಲೆಯಾಡಿಸುತ್ತಾರೆ. ಪಡೆದುಕೊಂಡು ಬಂದದ್ದನ್ನು ಅನುಭವಿಸಿಯೇ ತೀರಿಸಬೇಕೆಂಬ ನಂಬಿಕೆ ಅದು.

ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಶಂಕರರ ಹೆಸರಿನಲ್ಲಿರುವ ‘ವಿವೇಕಚೂಡಾಮಣಿ’ಯೇ ಎಲ್ಲ ದುಃಖವನ್ನೂ ಪ್ರತೀಕಾರ ಹುಡುಕದೆ, ಚಿಂತಿಸದೆ, ಗೋಳಾಡದೆ ಸಹಿಸುವುದನ್ನು ತಿತಿಕ್ಷೆ ಎನ್ನುತ್ತದೆ. ಆದರೆ ಅಲ್ಲಿ ಅದು ಮೋಕ್ಷ ಬಯಸುವ ಸಾಧಕ ತಾನಾಗಿ ಕೈಗೊಳ್ಳುವ ಶಿಸ್ತು. ಎದೆಗೆ ಹೊಲಿಗೆ ಬಿದ್ದು ಮಲಗಿದವನ ಮೇಲೆ ಹೊರಿಸುವ ನಿಯಮವಲ್ಲ.

ಐಸಿಯುನಲ್ಲಿ ಈ ಸಹನೆಗೆ ಬೀಳುವ ಬೆಲೆಯನ್ನೂ ನೋಡಬೇಕು. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ರಕ್ತ ಬಸಿಯಲು ಕೊಳವೆಗಳಿರುತ್ತವೆ. ವೆಂಟಿಲೇಟರ್ ತೆಗೆದ ಮೇಲೆ ರೋಗಿ ಆಳವಾಗಿ ಉಸಿರೆಳೆಯಬೇಕು, ದಿಂಬನ್ನು ಎದೆಗೊತ್ತಿಕೊಂಡು ಕೆಮ್ಮಿ ಕಫ ತೆಗೆಯಬೇಕು. ನೋವು ನುಂಗಿಕೊಂಡವರಿಗೆ ಇದು ಸಾಧ್ಯವಾಗುವುದಿಲ್ಲ. ಉಸಿರು ಮೇಲೆಮೇಲೆಯೇ ಆಡುತ್ತದೆ, ಶ್ವಾಸಕೋಶದ ಕೆಳಭಾಗ ಕುಸಿಯುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಹಳೆಯ ಕರ್ಮ ತೀರಿತೋ ಇಲ್ಲವೋ, ಹೊಸ ಕಾಯಿಲೆಯಂತೂ ಹತ್ತಿರ ಬರುತ್ತದೆ. ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್, ಬೇಕಾದರೆ ಅಳೆದು ಕೊಡುವ ಮಾರ್ಫಿನ್ ಅಥವಾ ಫೆಂಟಾನಿಲ್, ಇವೆಲ್ಲ ಸುಖಕ್ಕಾಗಿ ಮಾತ್ರವಲ್ಲ, ಉಸಿರಿಗಾಗಿ.

ಮಾತೇ ಆಡಲಾಗದವರ ನೋವನ್ನು ಅರಿಯುವುದು ಹೇಗೆ? ಕೆನಡಾದ ಸೆಲಿನ್ ಜೆಲಿನಾ ಮತ್ತು ಸಂಗಡಿಗರು ಹೃದಯ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನೇ ಗಮನಿಸಿ 2006ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಮುಖದ ಸುಕ್ಕು, ಮೈಯ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರಿನೊಂದಿಗಿನ ಹೆಣಗಾಟ ಇವುಗಳಿಗೆ ಸೊನ್ನೆಯಿಂದ 8ರವರೆಗೆ ಅಂಕ. ಇನ್ನೊಬ್ಬರ ನೋವಿನತ್ತ ಇಷ್ಟು ಶ್ರದ್ಧೆಯಿಂದ ಕಣ್ಣಿಡುವುದೂ ಧರ್ಮದ ಕೆಲಸವೇ.

ಕರ್ಮಸಿದ್ಧಾಂತವನ್ನು ನಾವು ತಪ್ಪಾಗಿ ತಿಳಿಯುವುದು ಇಲ್ಲಿ. ನೋವು ಏಕೆ ಬಂತೆಂದು ಅದು ಹೇಳಬಹುದು. ಹಾಸಿಗೆಯ ಪಕ್ಕ ನಿಂತವರು ಕೈಕಟ್ಟಿ ನಿಲ್ಲಲಿ ಎಂದು ಹೇಳುವುದಿಲ್ಲ. ದೇಹದ ನೋವು ಒಂದು ಬಾಣ, ಅದಕ್ಕಾಗಿ ಮನಸ್ಸು ಪಡುವ ಸಂಕಟ ಎರಡನೆಯದು ಎಂದ ಬುದ್ಧನೂ ಬೆನ್ನು ನೋವು ಬಂದಾಗ ಉಪದೇಶವನ್ನು ಶಿಷ್ಯನಿಗೆ ಒಪ್ಪಿಸಿ ಮಲಗಿದ್ದುಂಟು. ಕ್ರಿಸ್ತನ ಯಾತನೆಯನ್ನು ಪೂಜ್ಯವೆಂದು ಕಾಣುವ ಕ್ಯಾಥೊಲಿಕ್ ಚರ್ಚಿನಲ್ಲೂ ಈ ಪ್ರಶ್ನೆ ಎದ್ದಿತ್ತು. ಅರಿವಳಿಕೆ ವೈದ್ಯರು ಕೇಳಿದಾಗ ಪೋಪ್ ಹನ್ನೆರಡನೆಯ ಪಯಸ್ 1957ರ ಫೆಬ್ರುವರಿ 24ರಂದು ಉತ್ತರಿಸಿದರು: ನೋವನ್ನು ಸ್ವಇಚ್ಛೆಯಿಂದ ಒಪ್ಪಿಕೊಳ್ಳಬಹುದು, ಆದರೆ ಎಲ್ಲರಿಗೂ ಅದು ಕಡ್ಡಾಯವಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಔಷಧದ ಮಂಪರಿನಲ್ಲಿ ಜಪ ತಪ್ಪುತ್ತದೆ, ದೇವರ ನೆನಪು ಮಸುಕಾಗುತ್ತದೆ ಎಂಬ ಅಳುಕು ಭಕ್ತರಿಗೆ ಸಹಜ. ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು; ಮಂಪರು ತಗ್ಗಿಸುವ ದಾರಿಯೂ ಇರಬಹುದು. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನೆಲುಬಿನ ಪಕ್ಕದ ಸ್ನಾಯುವಿನಡಿ ಮರಗಟ್ಟಿಸುವ ಔಷಧ ಹಾಕುವ ವಿಧಾನ 2016ರಲ್ಲಿ ಬೆಳಕಿಗೆ ಬಂತು. ಹೃದಯದ ಆಪರೇಷನ್ನಿನಲ್ಲೂ ಅದನ್ನು ಬಳಸುತ್ತಿದ್ದಾರೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಹೊಂದಿದವರಲ್ಲಿ ಮಾರ್ಫಿನ್ ಕಡಿಮೆ ಸಾಕಾಗಬಹುದು. ಈ ಮಾತು ಆಪರೇಷನ್ನಿಗೆ ಮುಂಚೆ, ಅರಿವಳಿಕೆ ವೈದ್ಯರು ನೋಡಲು ಬಂದಾಗಲೇ ಆಗಬೇಕು.