ಅನುಕರಣ, ಅನುಸರಣ, ಅನುಭಾವ

ಪ್ರಾತಃಕಾಲದಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಂಡು ಪೂಜೆಗೆ ಕುಳಿತ ಸದ್ಗೃಹಸ್ಥನ ಮನದಲ್ಲಿ ಒಮ್ಮೊಮ್ಮೆ ಒಂದು ಸಂದೇಹವು ತಲೆದೋರುವುದುಂಟು. ತಂದೆ ಮಾಡಿದಂತೆ ತಾನು ಮಾಡುತ್ತಿರುವನು. ತಂದೆಯಾದರೂ ಅಜ್ಜನು ಮಾಡಿದುದನ್ನು ನೋಡಿ ಮಾಡಿದವನು. ಪತ್ರೆಯನ್ನೇರಿಸುವ ಕೈ ತನ್ನದು, ಏರಿಸುವ ಬಗೆ ಇನ್ನೊಬ್ಬರದು. ಹಾಗಾದರೆ ಇದು ಭಕ್ತಿಯೋ, ಬರಿಯ ಅನುಕರಣವೋ? ಈ ಸಂದೇಹವನ್ನು ಕಳೆದುಕೊಳ್ಳಲಾರದೆ, ಮನಸ್ಸಿಲ್ಲದ ಪೂಜೆಗಿಂತ ಪೂಜೆಯಿಲ್ಲದಿರುವುದೇ ಲೇಸೆಂದು ಕರಡಿಗೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿದವರೂ ಇದ್ದಾರೆ.

ಅಂಥವರು ಆತುರಪಡುವ ಮುನ್ನ ತಾವು ಬಳಸಿದ ಶಬ್ದವನ್ನೇ ಒಮ್ಮೆ ಪರೀಕ್ಷಿಸಿ ನೋಡುವುದು ಯುಕ್ತ. ಇನ್ನೊಬ್ಬರಂತೆ ಮಾಡುವುದಕ್ಕೆ ಕನ್ನಡದಲ್ಲಿ ಒಂದಲ್ಲ, ಹಲವು ಮಾತುಗಳುಂಟು. ಎಲ್ಲವೂ ಒಂದೇ ಎಂದು ತಿಳಿದು ಒಂದರ ದೋಷವನ್ನು ಇನ್ನೊಂದರ ಮೇಲೆ ಹೊರಿಸಿದರೆ ಶಬ್ದಕ್ಕೂ ಅನ್ಯಾಯ, ಭಕ್ತನಿಗೂ ಹಾನಿ.

ಅಣಕಿಸುವುದೆಂಬ ಮಾತಿದೆ. ಕುಂಟುವವನ ಹಿಂದೆ ಕುಂಟುತ್ತ ನಡೆಯುವ ಹುಡುಗನು ಮಾಡುವುದು ಅಣಕ. ಅಲ್ಲಿ ಹೋಲಿಕೆಯು ಎಷ್ಟು ಪೂರ್ಣವೋ ತಿರಸ್ಕಾರವೂ ಅಷ್ಟೇ ಪೂರ್ಣ. ಸೋಗು ಹಾಕುವುದೆಂಬುದು ಬೇರೆ. ಅದರಲ್ಲಿ ತಿರಸ್ಕಾರವಿಲ್ಲ, ವಂಚನೆಯುಂಟು. ನೋಡುವವನು ನಂಬಲೆಂದೇ ಸೋಗು. ವೇಷವೆಂಬುದಕ್ಕೆ ಇವೆರಡರ ಕಳಂಕವೂ ಇರಲೇಬೇಕೆಂಬ ನಿಯಮವಿಲ್ಲ. ವೇಷ ಕಟ್ಟಿದವನೂ ಬಲ್ಲ, ನೋಡುವವನೂ ಬಲ್ಲ. ಅರಿತೇ ಇಬ್ಬರೂ ಸಂತೋಷಪಡುತ್ತಾರೆ. ಇದನ್ನೇ ಕಾಯಕವಾಗಿ ಮಾಡಿಕೊಂಡ ಬಹುರೂಪಿ ಚೌಡಯ್ಯನು ಶರಣರ ಗೋಷ್ಠಿಯಲ್ಲಿ ಸ್ಥಾನ ಪಡೆದು, ರೇಕಣ್ಣಪ್ರಿಯ ನಾಗಿನಾಥನ ಅಂಕಿತದಲ್ಲಿ ವಚನಗಳನ್ನು ಹೇಳಿದನೆಂಬುದು ಅಲ್ಪವಾದ ಸಂಗತಿಯಲ್ಲ. ಜನರನ್ನು ನಗಿಸುವುದನ್ನೇ ವೃತ್ತಿಯಾಗುಳ್ಳ ನಗೆಯ ಮಾರಿತಂದೆಯೂ ಅದೇ ಸಮೂಹದವನು. ಹೊಟ್ಟೆಪಾಡಿಗೆ ಹತ್ತು ರೂಪಗಳನ್ನು ತಾಳಿದವರನ್ನು ಶರಣಸಂಕುಲವು ದೂರವಿರಿಸಲಿಲ್ಲ. ಸೋಗಿನ ಭಕ್ತನನ್ನಾದರೋ ವಚನಕಾರರು ಎಂದೂ ಕ್ಷಮಿಸಿದವರಲ್ಲ.

ನಕಲು ಎಂಬ ಮಾತು ಅರಬ್ಬೀ ಮೂಲದ್ದು. ಪಾರಸಿಯ ಮೂಲಕ ಕಚೇರಿಗಳಿಗೆ ಬಂದು ಅಲ್ಲಿಂದ ಮನೆಮಾತಾದುದು. ಕ್ರಯಪತ್ರದ ನಕಲು ಪಡೆಯುವ ರೈತನು ತಪ್ಪಿತಸ್ಥನಲ್ಲ. ಅಸಲಿಗೆ ಸರಿಯಾಗಿದೆಯೆಂದು ಅಧಿಕಾರಿಯ ರುಜುವಾದ ನಕಲಿಗೆ ನ್ಯಾಯಾಲಯದಲ್ಲಿಯೂ ಮನ್ನಣೆಯುಂಟು. ಅದೇ ನಕಲನ್ನು ವಿದ್ಯಾರ್ಥಿಯು ಪರೀಕ್ಷೆಯ ಕೊಠಡಿಯಲ್ಲಿ ಮಾಡಿದರೆ ಹೊರಗೆ ಹಾಕುತ್ತಾರೆ. ಕೊನೆಯ ಸ್ವರವೊಂದು ಬದಲಾಗಿ ನಕಲಿ ಎಂದಾದರಂತೂ ನಾಣ್ಯವಾದರೇನು, ಔಷಧವಾದರೇನು, ಸೆರೆಮನೆಯೇ ಗತಿ. ಕೆಲಸವೊಂದೇ ಆದರೂ ಒಂದೆಡೆ ಮಾನ, ಒಂದೆಡೆ ಅವಮಾನವೇಕೆ? ಕಚೇರಿಯ ನಕಲು ತಾನು ನಕಲೆಂದು ಮೊದಲ ಸಾಲಿನಲ್ಲಿಯೇ ಹೇಳಿಕೊಳ್ಳುತ್ತದೆ. ಮಿಕ್ಕ ಎರಡೂ ತಾವು ಅಸಲೆಂದು ಸಾಧಿಸುತ್ತವೆ. ಪೂಜೆಗೆ ಕುಳಿತ ಗೃಹಸ್ಥನು ತಾನು ಸಿದ್ಧಪುರುಷನೆಂದು ಯಾರ ಮುಂದೆಯೂ ಹೇಳಿಕೊಳ್ಳದಿರುವಾಗ ಅವನಿಗೆ ನಕಲಿಯೆಂಬ ಅಪವಾದವು ಹೇಗೆ ತಗುಲೀತು?

ಅವನ ಸ್ಥಿತಿಗೆ ಒಪ್ಪುವ ಮಾತು ಬೇರೊಂದಿದೆ, ಅದು ಅಚ್ಚಗನ್ನಡದ್ದು. ಮರಳ ಮೇಲೆ ಗುರುವು ಬರೆದ ಅಕ್ಷರದ ಮೇಲೆಯೇ ಮಗುವು ಬೆರಳಾಡಿಸುವುದನ್ನು ತಿದ್ದುವುದೆನ್ನುತ್ತಾರೆ. ತಪ್ಪನ್ನು ಸರಿಪಡಿಸುವುದಕ್ಕೂ ತಿದ್ದುವುದೆಂದೇ ಹೆಸರು. ಎಂತಹ ವಿವೇಕದಿಂದ ನಮ್ಮ ಹಿರಿಯರು ಈ ಎರಡು ಅರ್ಥಗಳನ್ನು ಒಂದೇ ಧಾತುವಿನಲ್ಲಿರಿಸಿದರು! ಮಗುವು ಅಕ್ಷರವನ್ನು ತಿದ್ದುತ್ತದೆ. ತಿದ್ದುತ್ತ ತಿದ್ದುತ್ತ ಅಕ್ಷರವು ಮಗುವಿನ ಕೈಯನ್ನು ತಿದ್ದುತ್ತದೆ. ಹಲಗೆಯ ಮೇಲ್ಗಡೆ ಗುರುವು ಬರೆದುಕೊಡುವ ಸಾಲು ಮೇಲ್ಪಂಕ್ತಿ. ಅದನ್ನು ನೋಡಿ ಕೆಳಗೆ ಹತ್ತು ಸಾಲು ಬರೆಯಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಎರಡನೆಯ ಸಾಲನ್ನು ಮಗುವು ಮೇಲ್ಪಂಕ್ತಿಯನ್ನು ನೋಡಿ ಬರೆಯುತ್ತದೆ; ಐದನೆಯದನ್ನು ತನ್ನದೇ ನಾಲ್ಕನೆಯ ಸಾಲನ್ನು ನೋಡಿ ಬರೆಯತೊಡಗುತ್ತದೆ. ಅಕ್ಷರವು ಸೊಟ್ಟಾಗುವುದು ಅಲ್ಲಿಂದಲೇ. ತಂದೆಯನ್ನು ನೋಡಿ ಪೂಜೆ ಕಲಿತವನು ತಂದೆಯ ಸಾಲಿನಲ್ಲಿಯೇ ನಿಲ್ಲದೆ, ಮೇಲೆ ಗುರುವು ಬರೆದುದನ್ನೂ ಕಣ್ಣೆತ್ತಿ ನೋಡಬೇಡವೆ?

ಅನುಕರಣ, ಅನುಸರಣ, ಅನುಭಾವ ಎಂಬ ಮೂರೂ 'ಅನು' ಎಂದೇ ಆರಂಭವಾಗುತ್ತವೆ. ಅನು ಎಂದರೆ ಹಿಂದೆ, ಹಿಂದಿನಿಂದ. ಹಿಂದಿರುವ ಧಾತುಗಳು ಮಾತ್ರ ಭಿನ್ನ. ಮೊದಲನೆಯದರಲ್ಲಿ ಮಾಡುವುದು, ಎರಡನೆಯದರಲ್ಲಿ ನಡೆಯುವುದು, ಮೂರನೆಯದರಲ್ಲಿ ಆಗುವುದು. ವೈಯಾಕರಣರು ಜುಳುಜುಳು, ಧಗಧಗ ಎಂಬಂತಹವುಗಳನ್ನು ಅನುಕರಣಾವ್ಯಯಗಳೆಂದರು. ಜುಳುಜುಳು ಎಂದು ಸಾವಿರ ಸಲ ನುಡಿದರೂ ಬಾಯಾರಿಕೆ ಹಿಂಗದು, ನಿಜ. ಆದರೆ ಆ ದನಿಯನ್ನು ಗುರುತಿಸಬಲ್ಲವನು ನೀರಿರುವ ದಿಕ್ಕಿಗೆ ಹೆಜ್ಜೆಯಿಡಬಲ್ಲನು. ಹೆಜ್ಜೆಯಿಟ್ಟರೆ ಅದು ಅನುಸರಣ. ನೀರನ್ನು ಕುಡಿದು ತಣಿದುದನ್ನು ಅನುಭಾವವೆಂದು ಕರೆದರೆ ತಪ್ಪಾಗಲಾರದು.

ಅನುಕರಣವು ಎಲ್ಲಿ ಕೆಡುತ್ತದೆ, ಅನುಸರಣವು ಎಲ್ಲಿ ಮೊದಲಾಗುತ್ತದೆ ಎಂಬುದಕ್ಕೆ ಆಯ್ದಕ್ಕಿ ಮಾರಯ್ಯನ ಮನೆಗಿಂತ ಒಳ್ಳೆಯ ನಿದರ್ಶನ ಸಿಗದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಕೈ ಅದೇ, ಆಯುವ ಕ್ರಮವೂ ಅದೇ. ಹೊರಗಿನಿಂದ ನೋಡುವವನಿಗೆ ನಿನ್ನೆಯ ಕಾಯಕಕ್ಕೂ ಇಂದಿನದಕ್ಕೂ ಭೇದವೇ ತೋರದು. ಲಕ್ಕಮ್ಮನು ಭೇದವನ್ನು ಕಂಡಳು. ಅಗತ್ಯಕ್ಕೆ ಮೀರಿದುದರಲ್ಲಿ ಆಸೆಯ ಸುಳಿವಿದೆಯೆಂದು ಎಚ್ಚರಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಮಾರಯ್ಯನು ಆ ದಿನ ತನ್ನನ್ನೇ ತಾನು ಅನುಕರಿಸಿದ್ದನು! ಮನಸ್ಸು ಹೊರಟುಹೋದ ಮೇಲೂ ಕೈ ತನ್ನ ರೂಢಿಯನ್ನು ನಡೆಸುತ್ತಿರಬಲ್ಲುದು. ಇಂದಿನ ಭಕ್ತನು ಆತನನ್ನು ಅನುಸರಿಸಲು ಅಕ್ಕಿಯನ್ನು ಆಯಬೇಕಾಗಿಲ್ಲ. ಹೆಚ್ಚು ಬಂದುದನ್ನು ಮರಳಿಸುವ ಆ ದಾರಿಯಲ್ಲಿ ನಡೆಯಬೇಕು. ಅಂಗಡಿಯ ತಕ್ಕಡಿಯ ಮುಂದೆ ಕುಳಿತವನಿಗೆ ಇದು ಅಕ್ಕಿ ಆಯುವುದಕ್ಕಿಂತಲೂ ಕಠಿನ.

ಲಕ್ಕಮ್ಮನ ಅಂಕಿತವನ್ನೂ ಇಲ್ಲಿಯೇ ನೆನೆಯಬಹುದು. ಪತಿಯ ಅಂಕಿತ ಅಮರೇಶ್ವರಲಿಂಗ. ಆಕೆಯದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ದೈವವನ್ನೇ ಹಿಡಿದಳು, ಆದರೆ ಆತನ ಅಂಕಿತವನ್ನು ಇದ್ದಂತೆಯೇ ಎತ್ತಿಕೊಳ್ಳಲಿಲ್ಲ. ಆತನ ಹೆಸರನ್ನು ಮುಂದಿರಿಸಿ ತನ್ನ ಅಂಕಿತವನ್ನು ಬೇರೆ ಮಾಡಿಕೊಂಡಳು. ಆತನ ಹಿಂದೆ ನಡೆದವಳೇ ಆತನನ್ನು ತಿದ್ದಿದಳು.

ಬಸವಪುರಾಣದಲ್ಲಿ ಬದನೆಯ ಕಾಯಿಗಳನ್ನು ಲಿಂಗವೆಂದು ಕೊರಳಿಗೆ ಕಟ್ಟಿಕೊಂಡು ಬಂದವರ ಕಥೆಯಿದೆ. ಅವರದು ಶುದ್ಧ ಸೋಗು. ಬಸವಣ್ಣನವರ ಭಕ್ತಿಯ ಮುಂದೆ ಆ ಕಾಯಿಗಳು ಲಿಂಗಗಳೇ ಆದವೆಂದು ಪುರಾಣವು ಹೇಳುತ್ತದೆ. ಇದನ್ನು ಸೋಗಿಗೆ ದೊರೆತ ಅಪ್ಪಣೆಯೆಂದು ತಿಳಿಯುವವರ ಬುದ್ಧಿಗೆ ಏನೆನ್ನಬೇಕು! ಕಾಯಿಯನ್ನು ಲಿಂಗವಾಗಿಸಿದುದು ಕಟ್ಟಿಕೊಂಡವರ ಜಾಣತನವಲ್ಲ, ನೋಡಿದವರ ನಿಷ್ಠೆ.

ಇನ್ನು ಪ್ರತಿ ಮಾಡುವುದೆಂಬ ಮಾತೊಂದು ಉಳಿಯಿತು. ಹನ್ನೆರಡನೆಯ ಶತಮಾನದ ವಚನಗಳು ಇಂದಿನವರಿಗೆ ದೊರೆತುದು ಈ ಮಾತಿನ ಪುಣ್ಯದಿಂದ. ತಾಳೆಯೋಲೆಯು ಹುಳುವಿಗೂ ತೇವಕ್ಕೂ ಈಡಾಗುವ ವಸ್ತು. ಹಳೆಯದು ಶಿಥಿಲವಾಗುವ ಮುನ್ನ ಹೊಸ ಗರಿಗಳ ಮೇಲೆ ಕಂಟದಿಂದ ಕೊರೆದು ಪ್ರತಿಮಾಡಬೇಕು. ಹೀಗೆ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ತಲೆಮಾರುಗಳ ಕಾಲ ನಡೆದುಬಂದುದರಿಂದಲೇ ಫ. ಗು. ಹಳಕಟ್ಟಿಯವರು ಊರೂರುಗಳಿಂದ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಮುದ್ರಿಸಲು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಲು ಸಾಧ್ಯವಾಯಿತು. ಪ್ರತಿಮಾಡಿದವರಲ್ಲಿ ಅನೇಕರು ತಮ್ಮ ಹೆಸರನ್ನು ಕೂಡ ಬರೆದಿಡಲಿಲ್ಲ. ವಚನದ ಕೊನೆಯಲ್ಲಿ ಅದನ್ನು ನುಡಿದವರ ಅಂಕಿತವನ್ನು ಇದ್ದಂತೆಯೇ ಕೊರೆದರು. ಕಟ್ಟಿನ ಕಡೆಯ ಗರಿಯಲ್ಲಿ ಸ್ಥಳ ಉಳಿದಿದ್ದರೆ ಒಂದು ಪ್ರಾರ್ಥನೆಯನ್ನು ಸೇರಿಸುವುದೂ ಇತ್ತು: ಅಕ್ಷರ ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಂಡು ಓದಬೇಕೆಂದು.